ಮುರಿದ ಎಳೆ, ಜೋಡಿ ಪ್ರತಿ: ಡಿಎನ್‌ಎ ಪುನಸ್ಸಂಯೋಜನೆಯ ಚರಿತ್ರೆ

ಒಂದೇ ಬಗೆಯ ಅಕ್ಷರಕ್ರಮವುಳ್ಳ ಎರಡು ಡಿಎನ್‌ಎ ಅಣುಗಳು ಒಂದನ್ನೊಂದು ಗುರುತಿಸಿ, ಎಳೆಗಳನ್ನು ಅದಲುಬದಲು ಮಾಡಿಕೊಳ್ಳುವ ಅಥವಾ ಒಂದನ್ನು ನೋಡಿ ಇನ್ನೊಂದು ತನ್ನ ಕೊರತೆಯನ್ನು ತುಂಬಿಕೊಳ್ಳುವ ಕ್ರಿಯೆಗೆ ಸಮರೂಪಿ ಪುನಸ್ಸಂಯೋಜನೆ ಎಂದು ಹೆಸರು. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಎಲ್ಲ ಬಗೆಯ ಜೀವಿಗಳಲ್ಲೂ ಇದು ನಡೆಯುತ್ತದೆ. ಮನುಷ್ಯನ ದೇಹದಲ್ಲಿ ಇದಕ್ಕೆ ಎರಡು ಕೆಲಸ. ಅಂಡ ಮತ್ತು ವೀರ್ಯಾಣುಗಳು ರೂಪುಗೊಳ್ಳುವಾಗ ಅಪ್ಪನಿಂದ ಬಂದ ಮತ್ತು ಅಮ್ಮನಿಂದ ಬಂದ ವರ್ಣತಂತುಗಳ ಭಾಗಗಳನ್ನು ಬೆರೆಸಿ ಹೊಸ ಜೋಡಣೆ ಮಾಡುವುದು ಒಂದು. ಉಳಿದ ಜೀವಕೋಶಗಳಲ್ಲಿ ತುಂಡಾದ ಡಿಎನ್‌ಎಯನ್ನು ಒಂದಕ್ಷರವೂ ತಪ್ಪದಂತೆ ರಿಪೇರಿ ಮಾಡುವುದು ಇನ್ನೊಂದು. ವಿಜ್ಞಾನಕ್ಕೆ ಮೊದಲು ಕಂಡದ್ದು ಬೆರೆಸುವ ಕೆಲಸ. ಅದೇ ಯಂತ್ರ ರಿಪೇರಿಯನ್ನೂ ಮಾಡುತ್ತದೆ ಎಂಬ ಸುಳಿವು ಸಿಗಲು ಸುಮಾರು ಅರವತ್ತು ವರ್ಷ ಹಿಡಿಯಿತು. ಆ ಸುಳಿವು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಚಿಕಿತ್ಸೆಯನ್ನು ತಲುಪಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಮೆಂಡೆಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಗಿಡ, ಪ್ರಾಣಿಗಳ ತಳಿ ಕೂಡಿಸಿ ಲೆಕ್ಕ ಹಾಕುವ ಉತ್ಸಾಹ ಎಲ್ಲೆಡೆ ಹಬ್ಬಿತು. ಆ ಲೆಕ್ಕ ಒಂದು ಕಡೆ ತಪ್ಪಿತು. 1905ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ವಿಲಿಯಂ ಬೇಟ್ಸನ್, ಎಡಿತ್ ಸಾಂಡರ್ಸ್ ಮತ್ತು ರೆಜಿನಾಲ್ಡ್ ಪನೆಟ್ ಸ್ವೀಟ್ ಪೀ ಎಂಬ ಹೂಬಳ್ಳಿಯನ್ನು ಬೆಳೆಸುತ್ತಿದ್ದರು. ಊದಾ ಹೂವಿನ, ಉದ್ದ ಪರಾಗಕಣದ ಬಳ್ಳಿಯನ್ನು ಕೆಂಪು ಹೂವಿನ, ದುಂಡು ಪರಾಗಕಣದ ಬಳ್ಳಿಯೊಡನೆ ಕೂಡಿಸಿದರೆ ಮೊಮ್ಮಕ್ಕಳ ಪೀಳಿಗೆಯಲ್ಲಿ ನಾಲ್ಕೂ ಬಗೆಯ ಬಳ್ಳಿಗಳು 9:3:3:1ರ ಪ್ರಮಾಣದಲ್ಲಿ ಹುಟ್ಟಬೇಕಿತ್ತು. ಹಾಗಾಗಲಿಲ್ಲ. ಮೂಲ ತಳಿಗಳಲ್ಲಿ ಜೊತೆಗಿದ್ದ ಗುಣಗಳೇ ಬಹುಪಾಲು ಬಳ್ಳಿಗಳಲ್ಲಿ ಜೊತೆಯಾಗಿ ಕಂಡವು. ಬೆರಕೆಯ ಬಳ್ಳಿಗಳು ಕಡಿಮೆ ಇದ್ದವು, ಆದರೆ ಇಲ್ಲದೇ ಇರಲಿಲ್ಲ. ಎರಡು ಗುಣಗಳು ಅಂಟಿಕೊಂಡಿವೆ ಎನ್ನೋಣವೆಂದರೆ ಕೆಲವು ಬಳ್ಳಿಗಳಲ್ಲಿ ಅಂಟು ಬಿಟ್ಟಿದೆ. ಬಿಡಿಬಿಡಿಯಾಗಿವೆ ಎನ್ನೋಣವೆಂದರೆ ಬಹುಪಾಲು ಕಡೆ ಅಂಟಿಕೊಂಡಿವೆ. ಈ ಅರೆಬರೆ ಅಂಟಿಗೆ ಕಾರಣ ಏನೆಂದು ಅವರು ಹೇಳಲಾರದೆ ಹೋದರು.

ಉತ್ತರದ ಒಂದು ಭಾಗ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗುತ್ತಿತ್ತು. ಪಾದ್ರಿಯೂ ಜೀವಕೋಶ ವಿಜ್ಞಾನಿಯೂ ಆಗಿದ್ದ ಫ್ರಾನ್ಸ್ ಆಲ್ಫೋನ್ಸ್ ಜಾನ್ಸೆನ್ಸ್ ಸ್ಯಾಲಮಾಂಡರ್ ಜಾತಿಯ ಪ್ರಾಣಿಗಳ ವೃಷಣದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ವೀರ್ಯಾಣು ರೂಪುಗೊಳ್ಳುವ ಮುನ್ನ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ ನಡೆಯುತ್ತದೆ. ಅದಕ್ಕೆ ಮಿಯಾಸಿಸ್ ಎನ್ನುತ್ತಾರೆ. ಆ ಹಂತದಲ್ಲಿ ಜೋಡಿ ವರ್ಣತಂತುಗಳು ಒಂದಕ್ಕೊಂದು ತಾಗಿ ನಿಂತು, ಅಲ್ಲಲ್ಲಿ ಕತ್ತರಿಯಾಕಾರದಲ್ಲಿ ಹೆಣೆದುಕೊಂಡದ್ದನ್ನು ಅವರು ಕಂಡರು. ಆ ಜಾಗಗಳಲ್ಲಿ ಎಳೆಗಳು ಮುರಿದು, ಒಂದರ ತುಂಡು ಇನ್ನೊಂದಕ್ಕೆ ಸೇರುತ್ತದೆ ಎಂದು 1909ರಲ್ಲಿ ಬರೆದರು. ಕಣ್ಣಿಗೆ ಕಂಡದ್ದು ಹೆಣಿಗೆ ಮಾತ್ರ. ಮುರಿದು ಸೇರುತ್ತದೆ ಎನ್ನುವುದು ಅವರ ಊಹೆ, ಮತ್ತು ಅದು ಸರಿಯಾದ ಊಹೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಣ್ಣಿನ ನೊಣಗಳನ್ನು ಸಾಕುತ್ತಿದ್ದ ಪುಟ್ಟ ಕೋಣೆ ‘ನೊಣದ ಕೋಣೆ’ ಎಂದೇ ಹೆಸರಾಯಿತು. ಹಾಲಿನ ಬಾಟಲಿಗಳಲ್ಲಿ ಕಳಿತ ಬಾಳೆಹಣ್ಣು, ಅದರ ಮೇಲೆ ಸಾವಿರಾರು ಡ್ರೊಸೊಫಿಲ ನೊಣಗಳು, ಸುತ್ತ ಎಂಟು ಮೇಜುಗಳು, ಭೂತಗನ್ನಡಿ ಹಿಡಿದು ಎಣಿಸುವ ವಿದ್ಯಾರ್ಥಿಗಳು. 1910ರಲ್ಲಿ ಅಲ್ಲಿ ಬಿಳಿ ಕಣ್ಣಿನ ಗಂಡು ನೊಣವೊಂದು ಸಿಕ್ಕಿತು. ಬಿಳಿ ಕಣ್ಣಿನ ಗುಣ ಎಕ್ಸ್ ವರ್ಣತಂತುವಿನ ಜೊತೆಗೇ ಸಾಗುತ್ತದೆ ಎಂಬುದು ಮುಂದಿನ ಪೀಳಿಗೆಗಳ ಎಣಿಕೆಯಿಂದ ತಿಳಿಯಿತು. ಅದೇ ವರ್ಣತಂತುವಿನ ಮೇಲೆ ಬೇರೆ ಗುಣಗಳೂ ಸಿಕ್ಕಿದಾಗ ಮಾರ್ಗನ್ ಜಾನ್ಸೆನ್ಸ್‌ರ ಊಹೆಯನ್ನು ಎತ್ತಿಕೊಂಡರು. ಗುಣಗಳು ಒಂದೇ ವರ್ಣತಂತುವಿನ ಮೇಲಿರುವುದರಿಂದ ಜೊತೆಗೆ ಸಾಗುತ್ತವೆ, ವರ್ಣತಂತುಗಳು ತುಂಡು ಬದಲಿಸಿಕೊಳ್ಳುವುದರಿಂದ ಕೆಲವೊಮ್ಮೆ ಅಗಲುತ್ತವೆ. ಸ್ವೀಟ್ ಪೀ ಬಳ್ಳಿಯ ಒಗಟು ಇಷ್ಟರಲ್ಲಿ ಬಿಡಿಸಿಕೊಂಡಿತು.

ಮಾರ್ಗನ್‌ರ ಮಾತಿನಿಂದ ದೊಡ್ಡ ಫಲ ತೆಗೆದವನು ಇನ್ನೂ ಪದವಿ ಓದುತ್ತಿದ್ದ ಆಲ್‌ಫ್ರೆಡ್ ಸ್ಟರ್ಟ್‌ವೆಂಟ್. ಎರಡು ಜೀನ್‌ಗಳು ದೂರದೂರ ಇದ್ದಷ್ಟೂ ಅವುಗಳ ನಡುವೆ ತುಂಡು ಬದಲಾಗುವ ಅವಕಾಶ ಹೆಚ್ಚು. ಹಾಗಿದ್ದರೆ ಬೆರಕೆ ನೊಣಗಳ ಶೇಕಡಾವಾರು ಎಣಿಕೆಯೇ ದೂರದ ಅಳತೆ ಆಗಬಹುದಲ್ಲ? 1911ರ ಕೊನೆಯಲ್ಲಿ ಅವನು ಅಂಕಿಗಳನ್ನು ಮನೆಗೆ ಒಯ್ದು, ಕಾಲೇಜಿನ ಪಾಠ ಬದಿಗಿಟ್ಟು, ಒಂದೇ ರಾತ್ರಿಯಲ್ಲಿ ಎಕ್ಸ್ ವರ್ಣತಂತುವಿನ ಜೀನ್‌ಗಳನ್ನು ಸಾಲಾಗಿ ಜೋಡಿಸಿದ. ಆರು ಗುಣಗಳ ಆ ನಕ್ಷೆ 1913ರಲ್ಲಿ ಪ್ರಕಟವಾಯಿತು. ಜೀನ್ ಎಂದರೆ ಏನೆಂದೇ ಗೊತ್ತಿಲ್ಲದ ಕಾಲದಲ್ಲಿ ಜೀನ್‌ಗಳ ಊರು, ದಾರಿ, ಅಂತರಗಳನ್ನು ಗುರುತಿಸಿದ ಈ ಕೆಲಸ ಜೀವವಿಜ್ಞಾನದ ಅತ್ಯಂತ ಸೊಗಸಾದ ತರ್ಕಗಳಲ್ಲಿ ಒಂದು. ಆ ಅಂತರದ ಅಳತೆಗೆ ಮಾರ್ಗನ್‌ರ ಹೆಸರನ್ನೇ ಇಡಬೇಕೆಂದು 1919ರಲ್ಲಿ ಸೂಚಿಸಿದವರು ಜೆ. ಬಿ. ಎಸ್. ಹಾಲ್ಡೇನ್, ಸೆಂಟಿಮಾರ್ಗನ್ ಎಂಬ ಮಾನ ಇಂದಿಗೂ ಬಳಕೆಯಲ್ಲಿದೆ. ಇದೇ ಹಾಲ್ಡೇನ್ 1957ರಲ್ಲಿ ಬ್ರಿಟನ್ ತೊರೆದು ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಎಣಿಕೆಯ ಆ ದಿನಗಳಲ್ಲಿ ಸಿಕ್ಕ ವಿಚಿತ್ರವೊಂದು ಕನ್ನಡನಾಡಿಗೂ ಹತ್ತಿರದ್ದು. ಗಂಡು ಹಣ್ಣಿನ ನೊಣದಲ್ಲಿ ವರ್ಣತಂತುಗಳು ತುಂಡು ಬದಲಿಸಿಕೊಳ್ಳುವುದೇ ಇಲ್ಲ; ಹೆಣ್ಣಿನಲ್ಲಿ ಮಾತ್ರ ಬದಲಿಸಿಕೊಳ್ಳುತ್ತವೆ. ರೇಷ್ಮೆ ಹುಳುವಿನಲ್ಲಿ ಇದು ತಿರುವುಮುರುವು: ಬೆರಕೆ ನಡೆಯುವುದು ಗಂಡು ಪತಂಗದಲ್ಲಿ, ಹೆಣ್ಣಿನಲ್ಲಿ ಇಲ್ಲ. ಎರಡರಲ್ಲೂ ಬೆರಕೆ ಇಲ್ಲದಿರುವುದು ಬೇರೆಬೇರೆ ಲಿಂಗ ವರ್ಣತಂತುಗಳನ್ನು ಹೊತ್ತ ಲಿಂಗದಲ್ಲಿ ಎಂಬುದನ್ನು ಹಾಲ್ಡೇನ್ 1922ರಲ್ಲಿ ಎತ್ತಿ ತೋರಿಸಿದರು. ರೇಷ್ಮೆಯ ತಳಿ ಸುಧಾರಣೆ ಮಾಡುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಡ್ರೊಸೊಫಿಲ ಅಧ್ಯಯನವೂ ಮೈಸೂರಿನಲ್ಲಿ ಬೇರೂರಿತು. ಮಾನಸಗಂಗೋತ್ರಿಯ ನೊಣ ಸಂಗ್ರಹ ಕೇಂದ್ರ ಇಂದಿಗೂ ಸಂಶೋಧಕರಿಗೆ, ಕಾಲೇಜುಗಳಿಗೆ ತಳಿಗಳನ್ನು ಒದಗಿಸುತ್ತದೆ.

ಇಷ್ಟಾದರೂ ವರ್ಣತಂತುಗಳು ನಿಜಕ್ಕೂ ತುಂಡು ಬದಲಿಸಿಕೊಳ್ಳುತ್ತವೆ ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇರಲಿಲ್ಲ. ಜೋಡಿಯ ಎರಡೂ ವರ್ಣತಂತುಗಳು ನೋಡಲು ಒಂದೇ ತರಹ ಇರುವಾಗ ಯಾವ ತುಂಡು ಯಾರದೆಂದು ಹೇಳುವುದು ಹೇಗೆ? ಕಾರ್ನೆಲ್ ವಿಶ್ವವಿದ್ಯಾಲಯದ ಮೆಕ್ಕೆಜೋಳದ ಹೊಲದಲ್ಲಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಮತ್ತು ವಿದ್ಯಾರ್ಥಿನಿ ಹ್ಯಾರಿಯೆಟ್ ಕ್ರೈಟನ್ ಇದಕ್ಕೆ ತಕ್ಕ ಗಿಡ ಹುಡುಕಿದರು. ಅದರ 9ನೇ ವರ್ಣತಂತುವಿನ ಒಂದು ತುದಿಯಲ್ಲಿ ಗಂಟಿನಂತೆ ಕಾಣುವ ಗುರುತಿತ್ತು, ಇನ್ನೊಂದು ಬದಿಯಲ್ಲಿ ಬೇರೆ ವರ್ಣತಂತುವಿನಿಂದ ಬಂದು ಸೇರಿದ ತುಂಡಿತ್ತು. ಎರಡು ಗುರುತುಗಳ ನಡುವೆ ಕಾಳಿನ ಬಣ್ಣದ ಜೀನ್ ಮತ್ತು ಕಾಳಿನ ಪಿಷ್ಟದ ಗುಣ ನಿರ್ಧರಿಸುವ ಜೀನ್. ಬಣ್ಣ, ಪಿಷ್ಟಗಳ ಜೋಡಿ ಬದಲಾದ ಕಾಳುಗಳಿಂದ ಬೆಳೆದ ಗಿಡಗಳಲ್ಲಿ ಗಂಟು ಮತ್ತು ತುಂಡುಗಳ ಜೋಡಿಯೂ ಬದಲಾಗಿತ್ತು. 1931ರ ಆಗಸ್ಟ್‌ನಲ್ಲಿ ಪ್ರಬಂಧ ಹೊರಬಂತು. ಅದೇ ವರ್ಷ ಕರ್ಟ್ ಸ್ಟರ್ನ್ ಹಣ್ಣಿನ ನೊಣದಲ್ಲಿ ಇದನ್ನೇ ತೋರಿಸಿದರು. ಸ್ಟರ್ನ್ 1936ರಲ್ಲಿ ಇನ್ನೊಂದು ಸಂಗತಿಯನ್ನೂ ಕಂಡರು: ಅಂಡ, ವೀರ್ಯಾಣುಗಳಿಗೆ ಸಂಬಂಧವೇ ಇಲ್ಲದ ಮಾಮೂಲಿ ದೇಹಕೋಶಗಳಲ್ಲೂ ಅಪರೂಪಕ್ಕೆ ಈ ಬೆರಕೆ ನಡೆಯುತ್ತದೆ. ಬೆರಕೆಯೊಂದೇ ಉದ್ದೇಶವಾಗಿದ್ದರೆ ಮುಂದಿನ ಪೀಳಿಗೆಗೆ ಹೋಗದ ಕೋಶದಲ್ಲಿ ಅದೇಕೆ ನಡೆಯಬೇಕು ಎಂಬ ಪ್ರಶ್ನೆ ಅಂದೇ ಏಳಬಹುದಿತ್ತು. ಆಗ ಯಾರೂ ಅದರ ಬೆನ್ನು ಹತ್ತಲಿಲ್ಲ.

ಮುಂದಿನ ಹೆಜ್ಜೆಗಳು ಸೂಕ್ಷ್ಮಜೀವಿಗಳಲ್ಲಿ ನಡೆದವು. 1946ರಲ್ಲಿ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ಇ. ಕೋಲಿ ಬ್ಯಾಕ್ಟೀರಿಯಾದ ಕೆ-12 ತಳಿಯಲ್ಲೂ ಜೀನ್‌ಗಳ ಬೆರಕೆ ಆಗುತ್ತದೆಂದು ತೋರಿಸಿದರು. ಬ್ಯಾಕ್ಟೀರಿಯಾಗಳು ಸುಮ್ಮನೆ ಇಬ್ಭಾಗವಾಗುತ್ತ ಹೋಗುತ್ತವೆ, ಅವುಗಳಲ್ಲಿ ಕೂಡಿಕೆ ಇಲ್ಲ ಎಂಬ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. ಬ್ಯಾಕ್ಟೀರಿಯಾಗಳನ್ನು ತಿನ್ನುವ ಫೇಜ್ ವೈರಸ್‌ಗಳಲ್ಲೂ ಬೆರಕೆ ಕಂಡಿತು. 1953ರಲ್ಲಿ ಡಿಎನ್‌ಎಯ ಜೋಡಿ ಸುರುಳಿ ರಚನೆ ತಿಳಿದ ಮೇಲೆ ಪ್ರಶ್ನೆ ಹೊಸ ರೂಪ ತಳೆಯಿತು. ಅಣುಗಳು ನಿಜವಾಗಿ ಮುರಿದು ಕೂಡುತ್ತವೆಯೋ, ಅಥವಾ ನಕಲು ತೆಗೆಯುವಾಗ ಕಿಣ್ವವು ಒಂದು ಮಾತೃಕೆಯಿಂದ ಇನ್ನೊಂದಕ್ಕೆ ಹಾರಿ ಬೆರಕೆ ಪ್ರತಿ ಹುಟ್ಟುತ್ತದೆಯೋ? ಎರಡನೆಯ ಅಭಿಪ್ರಾಯಕ್ಕೆ ಆಗ ಬಲವಾದ ಬೆಂಬಲವಿತ್ತು. 1961ರಲ್ಲಿ ಮ್ಯಾಥ್ಯೂ ಮೆಸೆಲ್‌ಸನ್ ಮತ್ತು ಜೀನ್ ವೀಗ್ಲ್ ಭಾರದ ಇಂಗಾಲ, ಭಾರದ ಸಾರಜನಕ ತುಂಬಿಸಿದ ಫೇಜ್‌ಗಳನ್ನು ಹಗುರ ಫೇಜ್‌ಗಳೊಡನೆ ಬೆರೆಸಿ, ಮರಿಗಳನ್ನು ತೂಕದ ಪ್ರಕಾರ ಬೇರ್ಪಡಿಸಿದರು. ಗುಣ ಬೆರೆತ ಮರಿಗಳಲ್ಲಿ ಹಳೆಯ ಭಾರದ ಡಿಎನ್‌ಎಯ ತುಂಡುಗಳೇ ಸಿಕ್ಕವು. ಅಣುಗಳು ಮುರಿದು ಕೂಡುತ್ತವೆ ಎಂದು ಸಿದ್ಧವಾಯಿತು.

ಆದರೆ ನಕಲಿನ ವಾದವೂ ಪೂರ್ತಿ ಸುಳ್ಳಾಗಿರಲಿಲ್ಲ. ಶಿಲೀಂಧ್ರಗಳಲ್ಲಿ ಒಂದು ಮಿಯಾಸಿಸ್‌ನಿಂದ ಹುಟ್ಟಿದ ಎಲ್ಲ ಬೀಜಕಣಗಳೂ ಒಂದೇ ಚೀಲದಲ್ಲಿ ಉಳಿಯುವುದರಿಂದ ಒಂದನ್ನೂ ಬಿಡದೆ ಎಣಿಸಬಹುದು. ಎರಡು ಅಪ್ಪನ ಕಡೆಯವು, ಎರಡು ಅಮ್ಮನ ಕಡೆಯವು ಇರಬೇಕಾದಲ್ಲಿ ಕೆಲವೊಮ್ಮೆ ಮೂರು ಮತ್ತು ಒಂದು ಸಿಗುತ್ತಿತ್ತು. ಒಂದು ಪ್ರತಿಯ ಮಾಹಿತಿ ಅಳಿಸಿಹೋಗಿ ಇನ್ನೊಂದರ ಮಾಹಿತಿ ಅಲ್ಲಿ ಕೂತಂತೆ ಆಗಿತ್ತು. ಇದನ್ನು ಮುರಿದು ಕೂಡುವ ಸರಳ ಕಥೆಯಿಂದ ವಿವರಿಸಲಾಗದು. 1964ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೇ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದರು. ಎರಡು ಡಿಎನ್‌ಎ ಅಣುಗಳಿಂದ ಒಂದೊಂದು ಎಳೆ ಬಿಚ್ಚಿ ಆಚೆಯ ಅಣುವಿನೊಳಗೆ ಸೇರುತ್ತದೆ; ನಾಲ್ಕು ತೋಳುಗಳ ಕೂಡುರಸ್ತೆಯಂಥ ಗಂಟು ಉಂಟಾಗುತ್ತದೆ; ಬೇರೆ ಮೂಲದ ಎಳೆಗಳು ಜೋಡಿಯಾದ ಕಡೆ ಅಕ್ಷರ ಹೊಂದದಿದ್ದರೆ ಕೋಶ ಅದನ್ನು ತಿದ್ದುತ್ತದೆ. ಆ ತಿದ್ದುವಿಕೆಯಿಂದಲೇ ಮೂರು-ಒಂದರ ಲೆಕ್ಕ ಹುಟ್ಟುತ್ತದೆ. ಈ ಗಂಟನ್ನು ಇಂದು ಹಾಲಿಡೇ ಸಂಧಿ ಎನ್ನುತ್ತಾರೆ. ಹಾಲಿಡೇ ದುಡಿಯುತ್ತಿದ್ದುದು ಮೆಕ್ಕೆಜೋಳಕ್ಕೆ ಕಾಡಿಗೆ ರೋಗ ತರುವ ಶಿಲೀಂಧ್ರದ ಮೇಲೆ. ರೈತನ ಬೆಳೆ ಹಾಳು ಮಾಡುವ ಈ ಶಿಲೀಂಧ್ರದಲ್ಲಿ, ಬ್ರೆಡ್ ಉಬ್ಬಿಸುವ ಯೀಸ್ಟ್‌ನಲ್ಲಿ ಇಲ್ಲದ, ಮುಂದೆ ಸ್ತನ ಕ್ಯಾನ್ಸರಿನ ಕಥೆಯಲ್ಲಿ ಬರಲಿರುವ ಮನುಷ್ಯರ ಬಿಆರ್‌ಸಿಎ2 ಪ್ರೋಟೀನಿನ ಸೋದರ ಪ್ರೋಟೀನ್ ಇದೆ ಎಂದು 2002ರಲ್ಲಿ ತಿಳಿಯಿತು.

ಈ ಚರಿತ್ರೆಯ ನಿಜವಾದ ತಿರುವು 1965ರದು. ಅದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್ ಮತ್ತು ಆನ್ ಡೀ ಮಾರ್ಗುಲೀಸ್ ಬೆರಕೆ ಮಾಡಲಾರದ ಇ. ಕೋಲಿಗಳನ್ನು ಹುಡುಕಲು ಹೊರಟರು. ಬೆರಕೆಗೆ ಒಂದು ಯಂತ್ರ ಇದ್ದರೆ ಆ ಯಂತ್ರ ಕೆಟ್ಟ ಬ್ಯಾಕ್ಟೀರಿಯಾವೂ ಸಿಗಬೇಕು ಎಂಬುದು ಅವರ ಸರಳ ನಿಲುವು. ಸಿಕ್ಕಿದವು. ಅವುಗಳನ್ನು ಅತಿನೇರಳೆ ಬೆಳಕಿಗೆ ಒಡ್ಡಿದಾಗ, ಆರೋಗ್ಯವಂತ ಬ್ಯಾಕ್ಟೀರಿಯಾ ಸುಲಭವಾಗಿ ತಾಳಿಕೊಳ್ಳುವಷ್ಟು ಬೆಳಕಿಗೇ ಸತ್ತವು. ಅತಿನೇರಳೆ ಬೆಳಕು ಕೆಡಿಸುವುದು ಡಿಎನ್‌ಎಯನ್ನು. ಬೆರಕೆಯ ಯಂತ್ರ ಇಲ್ಲದವು ಆ ಕೆಡುಕಿನಿಂದ ಚೇತರಿಸಿಕೊಳ್ಳಲಾರವು ಎಂದರೆ ಬೆರಕೆಯ ಯಂತ್ರವೇ ರಿಪೇರಿಯ ಯಂತ್ರ. ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹೋವರ್ಡ್-ಫ್ಲಾಂಡರ್ಸ್ ಮತ್ತು ಸಂಗಡಿಗರು ಮುಂದಿನ ವರ್ಷಗಳಲ್ಲಿ ಇದನ್ನು ಗಟ್ಟಿಗೊಳಿಸಿದರು. ಕೆಟ್ಟ ಡಿಎನ್‌ಎಯನ್ನು ನಕಲು ಮಾಡುವಾಗ ಹೊಸ ಎಳೆಯಲ್ಲಿ ಖಾಲಿ ಜಾಗಗಳು ಉಳಿಯುತ್ತವೆ, ಸೋದರ ಅಣುವಿನ ನೆರವಿನಿಂದ ಅವು ತುಂಬಿಕೊಳ್ಳುತ್ತವೆ ಎಂದು ತೋರಿಸಿದರು. ಲೈಂಗಿಕ ಸಂತಾನಕ್ಕಿಂತ ಬಹಳ ಹಿಂದಿನಿಂದಲೂ ಇರುವ ಬ್ಯಾಕ್ಟೀರಿಯಾಗಳಲ್ಲಿ ರಿಪೇರಿಯೇ ಈ ಯಂತ್ರದ ದಿನದ ದುಡಿಮೆ. ಗುಣಗಳ ಬೆರಕೆ ಅದರ ಮೇಲೆ ಆಮೇಲೆ ಬೆಳೆದ ಕೊಂಬೆ ಎಂದು ಎಣಿಸುವುದೇ ಸರಿ.

ಕ್ಲಾರ್ಕ್ ಗುರುತಿಸಿದ ಜೀನ್‌ಗೆ ರೆಕ್‌ಎ ಎಂದು ಹೆಸರಾಯಿತು. ಅದರ ಪ್ರೋಟೀನನ್ನು 1970ರ ದಶಕದ ಕೊನೆಯಲ್ಲಿ ಶುದ್ಧ ರೂಪದಲ್ಲಿ ಪಡೆದಾಗ, ಪ್ರನಾಳದಲ್ಲಿಯೇ ಎರಡು ಡಿಎನ್‌ಎಗಳ ಜೋಡಿ ಹುಡುಕುವಾಟ ಶುರುವಾಯಿತು. ಒಂಟಿ ಎಳೆಯ ಸುತ್ತ ರೆಕ್‌ಎ ಅಣುಗಳು ಸಾಲಾಗಿ ಸುತ್ತಿಕೊಳ್ಳುತ್ತವೆ. ಪ್ರತಿ ಅಣುವಿನ ಪಾಲಿಗೆ ಮೂರು ಅಕ್ಷರ, ಸುರುಳಿಯ ಒಂದು ಸುತ್ತಿಗೆ ಸುಮಾರು ಆರು ಅಣು. ಎಳೆ ಮಾಮೂಲಿಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಎಳೆ ಬೇರೆ ಅಣುಗಳನ್ನು ಮೂರುಮೂರು ಅಕ್ಷರವಾಗಿ ತಡವಿ ನೋಡುತ್ತ ತನ್ನ ಜೋಡಿಯನ್ನು ಹುಡುಕುತ್ತದೆ. ಯೇಲ್‌ನಲ್ಲಿ ಚಾರ್ಲ್ಸ್ ರಾಡಿಂಗ್ ಅವರ ಪ್ರಯೋಗಾಲಯ ಈ ಕೆಲಸದ ಮುಖ್ಯ ಕೇಂದ್ರಗಳಲ್ಲಿ ಒಂದು. ರೆಕ್‌ಎ ಪ್ರೋಟೀನಿಗೆ ಒಂಟಿ ಎಳೆಯನ್ನು ಸಿಕ್ಕುಬಿಡಿಸಿ ಕೊಡುವ ಸಹಾಯಕ ಪ್ರೋಟೀನ್‌ಗಳ ಪಾತ್ರವನ್ನು ವಿವರಿಸಿದ 1984ರ ಪ್ರಬಂಧದ ಮೊದಲ ಲೇಖಕರು ಕೆ. ಮುನಿಯಪ್ಪ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಅವರು ಕ್ಷಯರೋಗದ ಬ್ಯಾಕ್ಟೀರಿಯಾದ ರೆಕ್‌ಎ ಮತ್ತು ಯೀಸ್ಟ್‌ನ ಮಿಯಾಸಿಸ್ ಪ್ರೋಟೀನ್‌ಗಳ ಅಧ್ಯಯನವನ್ನು ದಶಕಗಳ ಕಾಲ ನಡೆಸಿದರು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಈ ಪ್ರೋಟೀನ್ ಹುಟ್ಟುವಾಗ ನಡುವೆ ಒಂದು ಹೆಚ್ಚುವರಿ ತುಂಡಿರುತ್ತದೆ. ಅದು ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬಿದ್ದು, ಉಳಿದೆರಡು ತುದಿಗಳನ್ನು ಬೆಸೆದ ಮೇಲೆಯೇ ಪ್ರೋಟೀನ್ ಕೆಲಸಕ್ಕೆ ಬರುತ್ತದೆ.

ಡಿಎನ್‌ಎಗೆ ಒದಗುವ ಕೇಡುಗಳಲ್ಲಿ ಎರಡೂ ಎಳೆಗಳು ಒಂದೇ ಜಾಗದಲ್ಲಿ ತುಂಡಾಗುವುದು ಅತ್ಯಂತ ಅಪಾಯದ್ದು. ಎಕ್ಸ್-ರೇ ಇದನ್ನು ಮಾಡುತ್ತದೆ, ನಕಲು ಪ್ರಕ್ರಿಯೆ ಎಡವಿದರೂ ಆಗುತ್ತದೆ. ಇಂಥ ಕಡಿತವೇ ಪುನಸ್ಸಂಯೋಜನೆಯ ಆರಂಭ ಬಿಂದು ಇರಬಹುದೆಂದು 1976ರಲ್ಲಿ ಮೈಕೆಲ್ ರೆಸ್ನಿಕ್ ಸೂಚಿಸಿದ್ದರು. ಟೆರಿ ಆರ್-ವೀವರ್, ಜ್ಯಾಕ್ ಷೋಸ್ಟಾಕ್ ಮತ್ತು ರಾಡ್ನಿ ರೋತ್‌ಸ್ಟೀನ್ 1981ರಲ್ಲಿ ಯೀಸ್ಟ್‌ನೊಳಗೆ ಡಿಎನ್‌ಎ ಉಂಗುರಗಳನ್ನು ಬಿಟ್ಟು ನೋಡಿದರು. ಉಂಗುರವನ್ನು ಮೊದಲೇ ಕತ್ತರಿಸಿಟ್ಟರೆ ಅದು ಯೀಸ್ಟ್‌ನ ವರ್ಣತಂತುವಿನಲ್ಲಿ ತನ್ನ ಜೋಡಿ ಜಾಗವನ್ನು ಹುಡುಕಿ ಸೇರಿಕೊಳ್ಳುವ ಪ್ರಮಾಣ ಬಹುಪಟ್ಟು ಏರುತ್ತಿತ್ತು. ಫ್ರಾಂಕ್ ಸ್ಟಾಲ್ ಜೊತೆಗೂಡಿ 1983ರಲ್ಲಿ ಅವರು ಮುಂದಿಟ್ಟ ಮಾದರಿಯೇ ತಿದ್ದುಪಡಿಗಳೊಂದಿಗೆ ಇಂದಿನ ಪಠ್ಯಪುಸ್ತಕಗಳಲ್ಲಿದೆ.

ಆ ಮಾದರಿಯ ಪ್ರಕಾರ ಕೆಲಸ ಹೀಗೆ ಸಾಗುತ್ತದೆ. ಕಡಿತವಾದ ಕೂಡಲೇ ಕಿಣ್ವಗಳು ಎರಡೂ ತುದಿಗಳಿಂದ ಒಂದೊಂದು ಎಳೆಯನ್ನು ಸವೆಸಿ, ಇನ್ನೊಂದು ಎಳೆಯನ್ನು ಬಾಲದಂತೆ ಚಾಚುವಂತೆ ಮಾಡುತ್ತವೆ. ಆ ಒಂಟಿ ಬಾಲವನ್ನು ಬ್ಯಾಕ್ಟೀರಿಯಾದಲ್ಲಾದರೆ ರೆಕ್‌ಎ, ಯೀಸ್ಟ್ ಮತ್ತು ಮನುಷ್ಯರಲ್ಲಾದರೆ ಅದರ ಸೋದರ ಪ್ರೋಟೀನ್ ರ‍್ಯಾಡ್51 ಸುತ್ತಿಕೊಳ್ಳುತ್ತದೆ. ಬಾಲ ತನ್ನದೇ ಅಕ್ಷರಕ್ರಮದ ಇಡೀ ಪ್ರತಿಯೊಂದನ್ನು ಹುಡುಕಿ ಅದರ ಎರಡು ಎಳೆಗಳ ನಡುವೆ ನುಗ್ಗುತ್ತದೆ. ಅಲ್ಲಿನ ಅಕ್ಷರಗಳನ್ನು ಮಾತೃಕೆ ಮಾಡಿಕೊಂಡು ಕಳೆದುಹೋದದ್ದನ್ನು ಬರೆದುಕೊಳ್ಳುತ್ತದೆ. ಹುಳು ತಿಂದ ಓಲೆಗರಿಯ ಸಾಲನ್ನು ಊಹೆಯಿಂದ ತುಂಬದೆ, ಬೇರೆ ಮಠದಲ್ಲಿರುವ ಅದೇ ಗ್ರಂಥದ ಪ್ರತಿ ನೋಡಿ ತುಂಬುವ ಸಂಪಾದಕನ ಶಿಸ್ತು ಇದರಲ್ಲಿದೆ. ಕೋಶದ ಬಳಿ ಇನ್ನೊಂದು ದಾರಿಯೂ ಇದೆ: ತುಂಡಾದ ಎರಡು ತುದಿಗಳನ್ನು ಹಾಗೆಯೇ ಬೆಸೆದುಬಿಡುವುದು. ಅದು ಬೇಗ ಆಗುತ್ತದೆ, ಆದರೆ ಅಕ್ಷರಗಳು ಬಿಟ್ಟುಹೋಗಬಹುದು, ತಪ್ಪು ತುದಿಗಳು ಕೂಡಬಹುದು. ಡಿಎನ್‌ಎ ನಕಲಾಗಿ ಅವಳಿ ಪ್ರತಿ ಪಕ್ಕದಲ್ಲೇ ಇರುವ ಹಂತದಲ್ಲಿ ಕೋಶ ಪುನಸ್ಸಂಯೋಜನೆಯನ್ನು ಬಳಸಬಲ್ಲದು. ಅವಳಿ ಇಲ್ಲದ ಹಂತದಲ್ಲಿ ಬೆಸುಗೆಯ ದಾರಿಯೇ ಗತಿ.

ಮಿಯಾಸಿಸ್‌ನಲ್ಲಿ ಇನ್ನೂ ಅಚ್ಚರಿಯ ಸಂಗತಿ ನಡೆಯುತ್ತದೆ. ಅಲ್ಲಿ ಕಡಿತ ಅಪಘಾತವಲ್ಲ. ಕೋಶವೇ ತನ್ನ ಡಿಎನ್‌ಎಯನ್ನು ನೂರಾರು ಕಡೆ ಕತ್ತರಿಸಿಕೊಳ್ಳುತ್ತದೆ. ಕತ್ತರಿಸುವ ಪ್ರೋಟೀನ್ ಸ್ಪೊ11 ಎಂಬುದು 1997ರಲ್ಲಿ ಯೀಸ್ಟ್‌ನ ಅಧ್ಯಯನದಿಂದ ತಿಳಿಯಿತು. ಹೀಗೆ ಆದ ಕಡಿತಗಳಲ್ಲಿ ಹೆಚ್ಚಿನವು ತುಂಡು ಬದಲಾಗದೆ ರಿಪೇರಿಯಾಗುತ್ತವೆ. ಸಣ್ಣ ಪಾಲು ಮಾತ್ರ ಜಾನ್ಸೆನ್ಸ್ ಕಂಡ ಹೆಣಿಗೆಗಳಾಗುತ್ತವೆ. ಮನುಷ್ಯರಲ್ಲಿ ಒಂದು ವೀರ್ಯಾಣುವಿನಲ್ಲಿ ಸರಾಸರಿ ಸುಮಾರು 26, ಒಂದು ಅಂಡದಲ್ಲಿ ಸುಮಾರು 40 ಬದಲಾವಣೆಗಳ ಗುರುತು ಸಿಗುತ್ತದೆ. ಈ ಹೆಣಿಗೆಗಳು ಬೆರಕೆಗಷ್ಟೇ ಬೇಕಾದವಲ್ಲ. ಜೋಡಿ ವರ್ಣತಂತುಗಳನ್ನು ಹಿಡಿದಿಟ್ಟು, ಕೋಶ ಇಬ್ಭಾಗವಾಗುವಾಗ ಒಂದೊಂದು ಒಂದೊಂದು ಕಡೆಗೆ ಹೋಗುವಂತೆ ಮಾಡುವುದೂ ಅವೇ. ಹೆಣಿಗೆ ಬೀಳದಿದ್ದರೆ, ಅಥವಾ ತಪ್ಪು ಜಾಗದಲ್ಲಿ ಬಿದ್ದರೆ, ಎರಡೂ ಒಂದೇ ಕಡೆಗೆ ಸರಿಯಬಹುದು. ಮನುಷ್ಯರಲ್ಲಿ ಅಂಡದ ಮಿಯಾಸಿಸ್ ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಶುರುವಾಗಿ, ಹೆಣಿಗೆಗಳನ್ನು ಹಿಡಿದುಕೊಂಡೇ ದಶಕಗಳ ಕಾಲ ನಿಂತಿರುತ್ತದೆ. 21ನೇ ವರ್ಣತಂತು ಮೂರಾಗುವ ಡೌನ್ ಸಿಂಡ್ರೋಮ್ ಬಹುಪಾಲು ತಾಯಿಯ ಕಡೆಯ ಇಂಥ ತಪ್ಪು ಹಂಚಿಕೆಯಿಂದ ಬರುತ್ತದೆ. ತಾಯಿಯ ವಯಸ್ಸು ಏರಿದಂತೆ ಅದರ ಸಂಭವವೂ ಏರುತ್ತದೆ. ಅನೇಕ ಆರಂಭಿಕ ಗರ್ಭಪಾತಗಳ ಹಿಂದೆ ಬೇರೆ ವರ್ಣತಂತುಗಳ ಇಂಥದೇ ಎಡವಟ್ಟು ಇರುತ್ತದೆ.

ದೇಹಕೋಶಗಳ ಕಡೆಯ ಕಾಯಿಲೆಗಳು ಮೊದಲು ಅಪರೂಪದ ರೋಗಗಳಾಗಿ ವೈದ್ಯರ ಕಣ್ಣಿಗೆ ಬಿದ್ದವು. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫಾಂಕೋನಿ 1927ರಲ್ಲಿ ಅಸ್ಥಿಮಜ್ಜೆ ಸೋಲುವ ಕಾಯಿಲೆಯೊಂದನ್ನು ವಿವರಿಸಿದರು. ನ್ಯೂಯಾರ್ಕಿನ ಚರ್ಮವೈದ್ಯ ಡೇವಿಡ್ ಬ್ಲೂಮ್ 1954ರಲ್ಲಿ ಗಿಡ್ಡ ಮೈಕಟ್ಟಿನ, ಬಿಸಿಲು ತಾಗಿದರೆ ಮುಖ ಕೆಂಪೇರುವ ಮಕ್ಕಳ ಬಗ್ಗೆ ಬರೆದರು. ಬ್ಲೂಮ್ ಸಿಂಡ್ರೋಮ್ ಉಳ್ಳವರ ಕೋಶಗಳಲ್ಲಿ ಅವಳಿ ಪ್ರತಿಗಳ ನಡುವೆ ತುಂಡು ಬದಲಾವಣೆ ಮಾಮೂಲಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಎಂದು ಚಾಗಂಟಿ, ಷೋನ್‌ಬರ್ಗ್ ಮತ್ತು ಜರ್ಮನ್ 1974ರಲ್ಲಿ ತೋರಿಸಿದರು. 1995ರಲ್ಲಿ ಕಾರಣದ ಜೀನ್ ಸಿಕ್ಕಿತು: ಹಾಲಿಡೇ ಸಂಧಿಗಳನ್ನು ತುಂಡು ಬದಲಾಗದಂತೆ ಬಿಡಿಸುವ ಪ್ರೋಟೀನ್ ಇವರಲ್ಲಿ ಇರುವುದಿಲ್ಲ. ಇವರಿಗೆ ಚಿಕ್ಕ ವಯಸ್ಸಿನಲ್ಲೇ ಹಲವು ಬಗೆಯ ಕ್ಯಾನ್ಸರ್ ಬರುತ್ತದೆ. ಪುನಸ್ಸಂಯೋಜನೆ ಕಡಿಮೆಯಾದರೆ ಕೇಡು ಎಂಬುದು 1965ರಿಂದ ತಿಳಿದಿತ್ತು. ಲಂಗುಲಗಾಮಿಲ್ಲದೆ ಹೆಚ್ಚಿದರೂ ಕೇಡು ಎಂದು ಈ ಕಾಯಿಲೆ ಕಲಿಸಿತು.

ಈ ನಡುವೆ ಜೋಡಿ ಪ್ರತಿಯನ್ನು ಹುಡುಕಿ ಸೇರಿಸಿಕೊಳ್ಳುವ ಕೋಶದ ಗುಣವನ್ನು ಮನುಷ್ಯ ತನ್ನ ಕೆಲಸಕ್ಕೂ ಹಚ್ಚಿಕೊಂಡ. ಬೇಕಾದ ಜೀನಿನ ತಿದ್ದಿದ ಪ್ರತಿಯನ್ನು ಒಳಗೆ ಬಿಟ್ಟರೆ ಕೋಶದ ಯಂತ್ರ ಅದನ್ನು ಸರಿಯಾದ ಜಾಗದಲ್ಲಿ ಕೂರಿಸಬಹುದು ಎಂದು ಆಲಿವರ್ ಸ್ಮಿತೀಸ್ ಮತ್ತು ಮಾರಿಯೊ ಕಪೆಕಿ 1980ರ ದಶಕದಲ್ಲಿ ತೋರಿಸಿದರು. ಇಲಿಯ ಭ್ರೂಣಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ದಾರಿಯನ್ನು ಮಾರ್ಟಿನ್ ಇವಾನ್ಸ್ 1981ರಲ್ಲೇ ಕಂಡುಕೊಂಡಿದ್ದರು. ಎರಡೂ ಸೇರಿ, ಒಂದೊಂದೇ ಜೀನ್ ಕೆಡಿಸಿದ ಇಲಿಗಳು ಜಗತ್ತಿನ ಪ್ರಯೋಗಾಲಯಗಳಿಗೆ ಬಂದವು. ಮೂವರಿಗೂ 2007ರ ನೊಬೆಲ್ ಬಂತು.

ಸ್ತನ ಕ್ಯಾನ್ಸರಿನ ಕಥೆ ಪುನಸ್ಸಂಯೋಜನೆಯ ಹೆಸರೇ ಎತ್ತದೆ ಬೇರೆ ದಾರಿಯಲ್ಲಿ ಬರುತ್ತಿತ್ತು. ಕೆಲವು ಮನೆತನಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಹೆಂಗಸರಿಗೆ ಈ ಕ್ಯಾನ್ಸರ್ ಬರುವುದನ್ನು ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲೇ ತಮ್ಮ ಹೆಂಡತಿಯ ಮನೆತನವನ್ನು ಉದಾಹರಿಸಿ ಬರೆದಿದ್ದರು. ಇದು ಒಂದೇ ಜೀನಿನ ಕೆಲಸ ಇರಬಹುದೆಂದು ಹಿಡಿದು ಕೂತವರು ಮೇರಿ-ಕ್ಲೇರ್ ಕಿಂಗ್. ಅವರ ವಾದವನ್ನು ಬಹುಮಂದಿ ನಂಬಲಿಲ್ಲ. 23 ಕುಟುಂಬಗಳ 146 ರೋಗಿಗಳನ್ನು ಒಳಗೊಂಡ ಅಧ್ಯಯನದಿಂದ ಅವರು 1990ರಲ್ಲಿ ಆ ಜೀನ್ 17ನೇ ವರ್ಣತಂತುವಿನ ಉದ್ದ ತೋಳಿನಲ್ಲಿದೆ ಎಂದು ತೋರಿಸಿದರು. ಗುಣಗಳು ಎಷ್ಟು ಸಲ ಜೊತೆಯಾಗಿ ಸಾಗಿದವು, ಎಷ್ಟು ಸಲ ಅಗಲಿದವು ಎಂದು ಎಣಿಸಿ ಜಾಗ ಗುರುತಿಸುವ ಸ್ಟರ್ಟ್‌ವೆಂಟ್‌ನ ವಿಧಾನವೇ ಅದರ ತಳಹದಿ. ಬಿಆರ್‌ಸಿಎ1 ಎಂದು ಹೆಸರಾದ ಆ ಜೀನಿನ ಪೂರ್ಣ ಅಕ್ಷರಕ್ರಮ 1994ರಲ್ಲಿ, ಅಂಥದೇ ಇನ್ನೊಂದಾದ 13ನೇ ವರ್ಣತಂತುವಿನ ಬಿಆರ್‌ಸಿಎ2 ಜೀನ್ 1995ರಲ್ಲಿ ಸಿಕ್ಕಿತು. ಆದರೆ ಈ ಪ್ರೋಟೀನ್‌ಗಳು ಏನು ಮಾಡುತ್ತವೆ ಎಂದು ಅಕ್ಷರಕ್ರಮ ನೋಡಿ ಹೇಳಲಾಗಲಿಲ್ಲ.

ಎರಡು ದಾರಿಗಳು ಕೂಡಿದ್ದು 1997ರಲ್ಲಿ. ಯೀಸ್ಟ್‌ನ ರ‍್ಯಾಡ್51 ಪ್ರೋಟೀನ್ ರೆಕ್‌ಎಯ ಸಂಬಂಧಿ ಎಂಬುದನ್ನು ಜಪಾನಿನ ಶಿನೋಹರಾ ಮತ್ತು ಒಗಾವ 1992ರಲ್ಲಿ ಕಂಡಿದ್ದರು. ಈಗ ಬಿಆರ್‌ಸಿಎ1 ಇದೇ ರ‍್ಯಾಡ್51 ಇರುವ ಜಾಗಗಳಲ್ಲಿ ಗುಂಪುಗೂಡುವುದು ಕಂಡಿತು. ಶ್ಯಾಮ್ ಶರಣ್ ಮತ್ತು ಸಂಗಡಿಗರು ಬಿಆರ್‌ಸಿಎ2 ನೇರವಾಗಿ ರ‍್ಯಾಡ್51ನ್ನು ಹಿಡಿಯುತ್ತದೆ, ಅದಿಲ್ಲದ ಇಲಿ ಭ್ರೂಣಗಳು ವಿಕಿರಣಕ್ಕೆ ಬೇಗ ಸಾಯುತ್ತವೆ ಎಂದು ತೋರಿಸಿದರು. ವೆಲ್ಲೂರಿನಲ್ಲಿ ವೈದ್ಯಕೀಯ ಓದಿದ ಅಶೋಕ್ ವೆಂಕಟರಾಮನ್ ಅವರ ಕೇಂಬ್ರಿಜ್ ತಂಡ ಮರುವರ್ಷ ಬಿಆರ್‌ಸಿಎ2 ಕೆಟ್ಟ ಕೋಶಗಳಲ್ಲಿ ವರ್ಣತಂತುಗಳು ತಾವಾಗಿಯೇ ಮುರಿಯುತ್ತವೆ ಎಂದು ವರದಿ ಮಾಡಿತು. ಮರಿಯಾ ಜೇಸಿನ್ ತಂಡ 1999 ಮತ್ತು 2001ರಲ್ಲಿ ಎರಡೂ ಜೀನ್‌ಗಳು ಸಮರೂಪಿ ಪುನಸ್ಸಂಯೋಜನೆಗೆ ಬೇಕೇಬೇಕು ಎಂದು ಅಳೆದು ತೋರಿಸಿತು. 3,418 ಅಮೈನೊ ಆಮ್ಲಗಳ ಭಾರಿ ಗಾತ್ರದ ಬಿಆರ್‌ಸಿಎ2 ರ‍್ಯಾಡ್51ನ್ನು ಹೊತ್ತು ತಂದು ಒಂಟಿ ಬಾಲದ ಮೇಲೆ ಕೂರಿಸುತ್ತದೆ. 2002ರಲ್ಲಿ ಫಾಂಕೋನಿ ಕಾಯಿಲೆಯ ಒಂದು ಬಗೆಗೆ ಬಿಆರ್‌ಸಿಎ2 ಜೀನಿನ ಎರಡೂ ಪ್ರತಿಗಳು ಕೆಟ್ಟಿರುವುದೇ ಕಾರಣ ಎಂದೂ ತಿಳಿಯಿತು.

ಹುಟ್ಟಿನಿಂದ ಒಂದು ಕೆಟ್ಟ ಪ್ರತಿ ಬಂದವರಲ್ಲಿ ಇನ್ನೊಂದು ಒಳ್ಳೆಯ ಪ್ರತಿ ಕೆಲಸ ನಡೆಸುತ್ತದೆ. ಯಾವುದೋ ಒಂದು ಕೋಶದಲ್ಲಿ ಅದೂ ಹೋದರೆ ನಿಖರ ರಿಪೇರಿ ನಿಂತು, ತಪ್ಪು ಬೆಸುಗೆಗಳು ಕೂಡುತ್ತ ಹೋಗಿ ಕ್ಯಾನ್ಸರ್ ಬೆಳೆಯುತ್ತದೆ. ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ 80 ವರ್ಷದ ಹೊತ್ತಿಗೆ ಸ್ತನ ಕ್ಯಾನ್ಸರಿನ ಸಂಭವ ಬಿಆರ್‌ಸಿಎ1 ದೋಷವುಳ್ಳ ಮಹಿಳೆಯರಲ್ಲಿ ಶೇ. 72, ಬಿಆರ್‌ಸಿಎ2 ದೋಷವುಳ್ಳವರಲ್ಲಿ ಶೇ. 69, ಅಂಡಾಶಯದ ಕ್ಯಾನ್ಸರಿನದು ಕ್ರಮವಾಗಿ ಶೇ. 44 ಮತ್ತು 17. ಅಂದರೆ ದೋಷವಿದ್ದರೆ ರೋಗ ಖಚಿತ ಎಂದಲ್ಲ; ಆದರೆ ಎಚ್ಚರ ಬೇಕೇಬೇಕು.

ಕ್ಯಾನ್ಸರನ್ನು ಹುಟ್ಟಿಸಿದ ಕೊರತೆಯೇ ಅದನ್ನು ಕೊಲ್ಲುವ ದಾರಿಯೂ ಆಯಿತು. ಒಂದೊಂದಾಗಿ ಕೆಟ್ಟರೆ ಕೋಶ ಬದುಕುತ್ತದೆ, ಎರಡೂ ಒಟ್ಟಿಗೆ ಕೆಟ್ಟರೆ ಸಾಯುತ್ತದೆ ಎಂಬಂಥ ಜೀನ್ ಜೋಡಿಗಳನ್ನು ನೊಣದ ಕೋಣೆಯ ಕ್ಯಾಲ್ವಿನ್ ಬ್ರಿಜಸ್ 1922ರಲ್ಲೇ ಗಮನಿಸಿದ್ದರು. 2005ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ತಂಡಗಳು, ಥಾಮಸ್ ಹೆಲೆಡೇ ಮತ್ತು ಅಲನ್ ಆಶ್‌ವರ್ತ್ ಅವರವು, ಒಂದೇ ಸಂಚಿಕೆಯಲ್ಲಿ ಒಂದೇ ಮಾತು ಹೇಳಿದವು. ಒಂಟಿ ಎಳೆಯ ಸಣ್ಣ ಕಡಿತಗಳನ್ನು ಸರಿಪಡಿಸಲು ನೆರವಾಗುವ ಪಾರ್ಪ್ ಎಂಬ ಕಿಣ್ವವನ್ನು ಔಷಧಿಯಿಂದ ತಡೆದರೆ ಬಿಆರ್‌ಸಿಎ ಇಲ್ಲದ ಕೋಶಗಳು ಸಾಯುತ್ತವೆ, ಉಳಿದವು ಬದುಕುತ್ತವೆ. ತಡೆಗೊಂಡ ಪಾರ್ಪ್ ಡಿಎನ್‌ಎಗೆ ಕಚ್ಚಿಕೊಂಡು ಉಳಿಯುತ್ತದೆ. ನಕಲು ಯಂತ್ರ ಅಲ್ಲಿ ಬಂದು ಬಡಿದಾಗ ಎರಡೂ ಎಳೆ ತುಂಡಾಗುತ್ತವೆ. ಅದನ್ನು ರಿಪೇರಿ ಮಾಡಬಲ್ಲ ಪುನಸ್ಸಂಯೋಜನೆ ಆ ಕ್ಯಾನ್ಸರ್ ಕೋಶದಲ್ಲಿ ಇರುವುದಿಲ್ಲ. ಈ ಬಗೆಯ ಮೊದಲ ಔಷಧಿ ಒಲಾಪರಿಬ್‌ಗೆ 2014ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಮುಂದೆ ಸ್ತನ, ಮೇದೋಜ್ಜೀರಕ ಗ್ರಂಥಿ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಕೆಲವು ಬಗೆಗಳಿಗೂ ಬಳಕೆಗೆ ಬಂತು.

ಔಷಧಿಗೆ ಮಿತಿಯಿದೆ. ಕೆಲವು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ ಕೆಟ್ಟ ಬಿಆರ್‌ಸಿಎ ಜೀನಿಗೆ ಇನ್ನೊಂದು ಬದಲಾವಣೆ ಬಿದ್ದು ಅದು ಮತ್ತೆ ಕೆಲಸ ಮಾಡತೊಡಗುತ್ತದೆ, ಔಷಧಿ ನಾಟುವುದಿಲ್ಲ. ಇದನ್ನು 2008ರಲ್ಲಿಯೇ ಕಂಡರು. ಆದ್ದರಿಂದ ದೋಷವನ್ನು ರೋಗಕ್ಕಿಂತ ಮೊದಲೇ ತಿಳಿದುಕೊಳ್ಳುವುದರ ಬೆಲೆ ಕಡಿಮೆಯಾಗಿಲ್ಲ. ರಕ್ತದ ಅಥವಾ ಎಂಜಲಿನ ಮಾದರಿಯಿಂದ ಪರೀಕ್ಷೆ ಸಾಧ್ಯ. ದೋಷ ಕಂಡವರಿಗೆ ಬೇಗ ಶುರುವಾಗುವ ತಪಾಸಣೆ, ತಡೆಯುವ ಶಸ್ತ್ರಚಿಕಿತ್ಸೆ ಮುಂತಾದ ದಾರಿಗಳಿವೆ. ಬಿಆರ್‌ಸಿಎ ಜೀನ್‌ಗಳು ಇರುವುದು 17 ಮತ್ತು 13ನೇ ವರ್ಣತಂತುಗಳಲ್ಲಿ, ಲಿಂಗ ವರ್ಣತಂತುಗಳಲ್ಲಿ ಅಲ್ಲ. ಹಾಗಾಗಿ ಕೆಟ್ಟ ಪ್ರತಿ ತಾಯಿಯಿಂದ ಬರುವಷ್ಟೇ ಸುಲಭವಾಗಿ ತಂದೆಯಿಂದಲೂ ಬರುತ್ತದೆ, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಮನೆತನದ ಕಾಯಿಲೆಗಳ ಬಗ್ಗೆ ವೈದ್ಯರು ಕೇಳಿದಾಗ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮಂದಿರ ಜೊತೆಗೆ ಅಪ್ಪನ ಅಕ್ಕತಂಗಿಯರ, ಅಪ್ಪನ ತಾಯಿಯ ವಿಷಯವನ್ನೂ ಹೇಳಬೇಕು.